ಲಾಕಿನಲ್ಲಿ ಕಟ್ಟಿದ ಹಗ್ಗ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವರ್ಷ ತೊಂಬತ್ತೆಂಟೋ ತೊಂಬತ್ತೊಂಬತ್ತೋ ಖಚಿತವಿಲ್ಲ. ದೋಣಿ ಹಸಿರು ಬಣ್ಣದ್ದು ಎಂದು ನನ್ನ ನೆನಪು. ನಮ್ಮವರು ನೀಲಿ ಎನ್ನುತ್ತಾರೆ. ದಿನವೂ ಡೈರಿ ಬರೆಯುವವಳು ನಾನು, ಆದರೆ ಬೇಕಾದದ್ದನ್ನು ಬಿಟ್ಟು ಬೇಡದ್ದನ್ನೆಲ್ಲ ಬರೆದಿಟ್ಟಿರುತ್ತೇನೆ. ಆ ದಿನದ ಪುಟದಲ್ಲಿ ಅವಲಕ್ಕಿಗೆ ಉಪ್ಪು ಹೆಚ್ಚಾದದ್ದಿದೆ, ಎರಡು ಹಂಸಗಳಿವೆ, ಆಸ್ಪತ್ರೆಯಲ್ಲಿ ಕಾದ ನಾಲ್ಕು ಗಂಟೆ ಇದೆ. ಹಗ್ಗ ಕಟ್ಟಿದ್ದು ಯಾರು ಎಂಬುದು ಮಾತ್ರ ಇಲ್ಲ.

ಆಗ ನಮ್ಮ ಮನೆ ಇಂಗ್ಲೆಂಡಿನ ಕಿಂಗ್ಸ್‌ಬರಿಯಲ್ಲಿತ್ತು. ನಮ್ಮವರು ಆಸ್ಪತ್ರೆಯಲ್ಲಿ ಡಾಕ್ಟರು. ಪ್ರತಿ ಬೇಸಿಗೆಯಲ್ಲಿ ಒಂದು ವಾರ ನಾವಿಬ್ಬರೂ ಬಾಡಿಗೆಗೆ ಕಾಲುವೆ ದೋಣಿ ಹಿಡಿಯುತ್ತಿದ್ದೆವು. ಬಸ್ಸಿಗಿಂತ ಉದ್ದ, ಅಗಲ ಮಾತ್ರ ಒಬ್ಬರು ಅಡ್ಡ ಮಲಗುವಷ್ಟು. ಒಳಗೇ ಅಡುಗೆ, ಹಾಸಿಗೆ ಎಲ್ಲ. ನಾಯಿ ಹಿಡಿದು ದಂಡೆಯಲ್ಲಿ ನಡೆಯುವ ಮುದುಕರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಇವರು ಹಿಂದುಗಡೆ ನಿಂತು ಚುಕ್ಕಾಣಿ ಹಿಡಿದರೆ ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಹುರುಳಿಕಾಯಿ ಸೋಸುತ್ತಿದ್ದೆ. ಇಡೀ ವರ್ಷದಲ್ಲಿ ಆಡದ ಮಾತನ್ನು ಇವರು ಆ ಒಂದು ವಾರದಲ್ಲಿ ಆಡುತ್ತಿದ್ದರು. ಧಾರವಾಡದ ಮೇಷ್ಟ್ರುಗಳು, ಸತ್ತುಹೋದ ರೋಗಿಗಳು, ನನಗೆ ಹೇಳದೇ ಬಿಟ್ಟಿದ್ದ ಭಯಗಳು.

ಚುಕ್ಕಾಣಿ ಅವರದು, ಹಗ್ಗ ನನ್ನದು. ಎತ್ತರದ ನೀರಿನಿಂದ ತಗ್ಗಿನ ನೀರಿಗೆ ದೋಣಿಯನ್ನು ಇಳಿಸಲು ಕಾಲುವೆಯಲ್ಲಿ ಅಲ್ಲಲ್ಲಿ ಲಾಕ್‌ಗಳಿವೆ. ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲಿನ ಕಿಂಡಿ ತೆರೆದರೆ ನೀರು ಇಳಿಯುತ್ತದೆ, ನೀರಿನ ಜೊತೆಗೆ ದೋಣಿಯೂ. ಅಷ್ಟು ಹೊತ್ತು ಒಬ್ಬರು ದಡದಲ್ಲಿ ನಿಂತು ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ, ಕೈಯಲ್ಲೇ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಸಡಿಲ ಬಿಡುತ್ತಿರಬೇಕು. ಗಂಟು ಹಾಕಬಾರದು. ಹಾಕಿದರೆ ನೀರು ಇಳಿಯುತ್ತದೆ, ದೋಣಿ ತೂಗಿಕೊಂಡು ನಿಲ್ಲುತ್ತದೆ.

ಆ ಸಲ ಧಾರವಾಡದಿಂದ ಬಂದಿದ್ದ ನನ್ನ ನಾದಿನಿಯೂ ಜೊತೆಗಿದ್ದಳು. ಶ್ರಾವಣಕ್ಕೆ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಕಳಿಸಿಕೊಡಿ ಎಂದು ಅತ್ತೆ ಹೇಳಿಯೇ ಕಳಿಸಿದ್ದರು. ಅಕ್ಸ್‌ಬ್ರಿಡ್ಜ್ ಲಾಕಿನಲ್ಲಿ ಅವಳು ದೋಣಿಯ ಮುಂದುಗಡೆ ಚಹಾದ ಲೋಟ ಹಿಡಿದು ಕೂತಿದ್ದಳು. ನಾವಿಬ್ಬರೂ ದಡದಲ್ಲಿದ್ದೆವು. ಲಾಕಿನೊಳಗೆ ಚುಕ್ಕಾಣಿಗೆ ಕೆಲಸವಿಲ್ಲದ್ದರಿಂದ ಇವರೂ ಇಳಿದಿದ್ದರು. ಕಿಂಡಿ ತೆರೆದೆವು. ಸ್ವಲ್ಪ ಹೊತ್ತಿಗೆ ಮುಂದುಗಡೆಯ ಹಗ್ಗ ಬಿಗಿದು, ದೋಣಿಯ ಮೂತಿ ಮೇಲೆಯೇ ಉಳಿದು ಹಿಂಬದಿ ಇಳಿಯತೊಡಗಿತು. ಒಳಗೆ ಪಾತ್ರೆಗಳು ಸಾಲಾಗಿ ಬಿದ್ದ ಸದ್ದು ಈಗಲೂ ಕೇಳುತ್ತದೆ. ಪಕ್ಕದ ದೋಣಿಯ ಇಂಗ್ಲಿಷ್ ಮುದುಕ ಓಡಿಬಂದು ಚಾಕುವಿನಿಂದ ಹಗ್ಗ ಕತ್ತರಿಸಿದ. ದೋಣಿ ಧೊಪ್ಪೆಂದು ನೀರಿಗೆ ಬಿತ್ತು. ನಾದಿನಿ ಬಲಗೈ ಊರಿ ಬಿದ್ದಳು.

ಇವರು ಪೇಪರನ್ನು ಸುರುಳಿ ಸುತ್ತಿ, ನನ್ನ ದುಪಟ್ಟಾದಿಂದ ಅವಳ ಮಣಿಕಟ್ಟಿಗೆ ಬಿಗಿದರು. ಹಾಗೆ ಬಿಗಿಯುತ್ತಲೇ, ಯಾರೂ ಕೇಳದಿದ್ದರೂ ಹೇಳಿದರು: "ನಾನ ಗಂಟ ಹಾಕಿದ್ನವಾ. ತಪ್ಪಾತು."

ನಾದಿನಿ ನನ್ನ ಕಡೆ ನೋಡಿದಳು. ನೋಡಿದಳೆಂದು ನನಗನ್ನಿಸುತ್ತದೆ. ನೋವಿನಲ್ಲಿರುವವರು ಎಲ್ಲಿ ಬೇಕಾದರೂ ನೋಡಬಹುದು.

ಅತ್ತೆ ಫೋನಿನಲ್ಲಿ ಮಗನನ್ನು ಬೈದರು. ಕೂಸಿನ ಕೈ ಮುರಿದು ಕಳಿಸುತ್ತೀಯಲ್ಲ, ಡಾಕ್ಟರಕಿ ಕಲಿತದ್ದು ಇದಕ್ಕೇನು ಎಂದರು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಗಂಡಿನವರಿಗೆ ತೋರಿಸುವುದು ಹೇಗೆಂದು ಆ ನೋಡುವ ಶಾಸ್ತ್ರವೇ ಮುಂದಕ್ಕೆ ಹೋಯಿತು, ಮತ್ತೆ ನಡೆಯಲಿಲ್ಲ. ಮದುವೆ ಎರಡು ವರ್ಷ ತಡವಾಗಿ ಬೇರೆ ಕಡೆ ಆಯಿತು, ಚೆನ್ನಾಗಿಯೇ ಇದ್ದಾಳೆ. ಆದರೂ ಅತ್ತೆ ಬದುಕಿರುವವರೆಗೂ ಮಗನಿಗೆ ಅದನ್ನು ಎತ್ತಿ ಆಡುತ್ತಿದ್ದರು. ಮೈಸೂರಿನ ಸೊಸೆಯಾದ ನನಗೆ ಅಡುಗೆಯಿಂದ ಹಿಡಿದು ಮಾತಿನವರೆಗೆ ಎಲ್ಲದಕ್ಕೂ ಹೇಳಿಸಿಕೊಂಡು ಅಭ್ಯಾಸವಿತ್ತು. ಇದೊಂದಕ್ಕೆ ಮಾತ್ರ ನನ್ನ ಹೆಸರು ಬರಲಿಲ್ಲ.

ಇವರು ಇದನ್ನೇ ತಮಾಷೆ ಮಾಡಿಕೊಂಡರು. ಟೂಟಿಂಗ್‌ನಲ್ಲಿ ದೋಸೆ ತಿನ್ನಲು ಸ್ನೇಹಿತರು ಸೇರಿದಾಗಲೆಲ್ಲ "ಎಮ್ಮಿ ಕಟ್ಟಿದಂಗ ದೋಣಿ ಕಟ್ಟಿದೆ ನೋಡ್ರಿ" ಎಂದು ಶುರು ಮಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ. ಹೀಗೆ ಕೇಳಿ ಕೇಳಿ ಇವರು ಗೂಟದ ಮುಂದೆ ಬಗ್ಗಿ ಕೂತ ಚಿತ್ರವೇ ನನ್ನ ಕಣ್ಣಿಗೆ ಕಟ್ಟಿತು. ಅದು ನಾನು ಕಂಡದ್ದೋ ಕೇಳಿದ್ದೋ, ಈಗ ಬೇರ್ಪಡಿಸಲಾರೆ.

ಮರುವರ್ಷ ಮತ್ತೆ ಅದೇ ಲಾಕಿಗೆ ಹೋದೆವು. ಹಗ್ಗ ಹಿಡಿಯುವ ಧೈರ್ಯ ನನಗಿರಲಿಲ್ಲ. ಇವರು ತಾವೇ ತಂದು ನನ್ನ ಕೈಗಿಟ್ಟು, ಬೆರಳುಗಳನ್ನು ಮಡಿಸಿ, "ಹಿಡಕೊಂಡ ನಿಂದ್ರು. ಕಟ್ಟಬ್ಯಾಡ" ಎಂದರು. ಅಷ್ಟೇ. ಆಗ ಅದು ಬರೀ ಎಚ್ಚರಿಕೆಯ ಮಾತಾಗಿ ಕೇಳಿತ್ತು. ಮುಂದಿನ ಹತ್ತು ಬೇಸಿಗೆಯೂ ಹಗ್ಗ ನನ್ನ ಕೈಯಲ್ಲೇ ಇತ್ತು.

ಹೋದ ವರ್ಷ ಅತ್ತೆ ತೀರಿಕೊಂಡರು. ಆಮೇಲೆ ಒಂದು ದಿನ ಹಳೆಯ ಡೈರಿ ತಿರುವುತ್ತಿದ್ದಾಗ ಆ ಘಟನೆಯ ಮರುದಿನದ ಪುಟ ಕಣ್ಣಿಗೆ ಬಿತ್ತು: "ಎರಡೂ ಅಂಗೈ ತರಚಿವೆ, ಚಪಾತಿ ಲಟ್ಟಿಸಲಾಗಲಿಲ್ಲ." ಗಂಟು ಬಿಡಿಸಲು ಎಳೆದಾಡಿದ್ದರೂ ತರಚಿರಬಹುದು. ಆದರೆ ಹಾಕದವಳು ಬಿಡಿಸಲು ಮೊದಲು ಓಡುತ್ತಾಳೆಯೇ? ಇವರನ್ನೇ ಕೇಳಿದೆ. ಪೇಪರಿನಿಂದ ತಲೆ ಎತ್ತದೆ, ಎಷ್ಟು ಸಲ ಹೇಳಬೇಕು, ನಾನೇ ಕಟ್ಟಿದ್ದು ಎಂದರು. ಮೂವತ್ತು ವರ್ಷ ಜೊತೆಗಿದ್ದೇನೆ. ಇವರು ಸುಳ್ಳು ಹೇಳಿದರೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಗೊತ್ತಾಗಲಿಲ್ಲ.

ಆ ಹಗ್ಗದ ಹತ್ತಿರ ಕೂತಿದ್ದವಳು ನಾದಿನಿ ಒಬ್ಬಳೇ. ಅವಳಿಗೆ ಕಾಗದ ಬರೆದೆ. ಅವಳ ಉತ್ತರದಲ್ಲಿ ಮಗಳ ಶಾಲೆ ಇತ್ತು, ಮನೆಗೆ ಬಳಿಸಿದ ಸುಣ್ಣ ಇತ್ತು, ವೈನಿ, ನಿಮ್ಮ ಮಂಡಿನೋವು ಹೇಗಿದೆ ಎಂಬ ವಿಚಾರಣೆ ಇತ್ತು. ಅದಾದ ಮೇಲೆ ಇನ್ನೊಂದು ಕಾಗದ ಬಂತು, ಅದರಲ್ಲೂ ಹಗ್ಗದ ಮಾತಿಲ್ಲ. ನಾನು ಕೇಳಿದ್ದು ಇಷ್ಟೇ: "ನಿಮ್ಮಣ್ಣ ಈಗಲೂ ತಾವೇ ಕಟ್ಟಿದ್ದು ಅನ್ನುತ್ತಾರೆ. ನೀನು ನೋಡಿದ್ದೀಯ. ಆ ದಿನ ಗಂಟು ಹಾಕಿದ್ದು ನಾನು ತಾನೆ?"