ಮಾರಬಾರದ ಕುರಿ

ನನಗೆ ಆಟದ ಹುಚ್ಚು. ಕ್ರಿಕೆಟ್ಟು, ಕಬಡ್ಡಿಯಲ್ಲ, ವಿಡಿಯೊ ಗೇಮು. ಕೊಟ್ಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ನಲವತ್ತು ದಾಟಿ, ಮೀಸೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಮನುಷ್ಯ ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ. ಕಟ್ಟೆಯ ಮೇಲೆ ಕೂತು ಹೊತ್ತು ಮುಳುಗುವವರೆಗೆ ಇಸ್ಪೀಟು ಆಡುವವರನ್ನು ಯಾರೂ ಏನೂ ಕೇಳುವುದಿಲ್ಲ. ನನ್ನನ್ನು ಮಾತ್ರ “ಇನ್ನಾ ಹುಡುಗಾಟಿಕಿ ಬಿಟ್ಟಿಲ್ಲೇನ್ರಿ” ಎಂದು ಕೇಳುತ್ತಾರೆ.

ಈ ಹುಚ್ಚು ಹತ್ತಿದ್ದು ಹರಪನಹಳ್ಳಿಯಲ್ಲಿ ಓದುವಾಗ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಿ.ಡಿ. ಅಂಗಡಿ ಇತ್ತು. ಅಲ್ಲಿಂದ ಒಂದು ಆಟ ತಂದರೆ ಅದು ನಮ್ಮದು. ಕರೆಂಟು ಇದ್ದರೆ ಸಾಕು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೋತರೆ ನಮ್ಮ ಕೈಯದೇ ತಪ್ಪು, ಗೆದ್ದರೆ ನಮ್ಮ ಕೈಯದೇ ಹೆಚ್ಚುಗಾರಿಕೆ. ಎಲ್ಲಕ್ಕಿಂತ ಮಿಗಿಲಾಗಿ ಆ ಆಟಗಳು ಮುಗಿಯುತ್ತಿದ್ದವು. ಕಡೆಯ ಲೆವೆಲ್ ದಾಟಿದ ಮೇಲೆ ಮಾಡಿದವರ ಹೆಸರುಗಳು ಪರದೆಯ ಮೇಲೆ ಸಾಲಾಗಿ ಏರುತ್ತಿದ್ದವು. ಯಾವ ದೇಶದವರೋ ಏನೋ, ನಾನು ಒಂದೂ ಬಿಡದೆ ಓದುತ್ತಿದ್ದೆ. ಅಷ್ಟು ಗೌರವ ಇತ್ತು ನನಗೆ ಅವರ ಮೇಲೆ.

ಈಗಿನ ಆಟ ಮುಗಿಯುವುದೇ ಇಲ್ಲ. ಮುಗಿದರೆ ಕಂಪನಿಯವರ ಹೊಟ್ಟೆ ತುಂಬುವುದು ಹೇಗೆ? ಪುಕ್ಕಟೆ ಅನ್ನುತ್ತಾರೆ. ಊಟಕ್ಕೆ ಕರೆದು, ಎಲೆಯ ಮುಂದೆ ಕೂರಿಸಿ, ಉಪ್ಪಿಗೆ ಬೇರೆ, ಸಾರಿಗೆ ಬೇರೆ ರೊಕ್ಕ ಕೇಳುವ ಪುಕ್ಕಟೆ ಅದು. ನನ್ನ ಅಂಗಡಿಗೆ ಬರುವ ಕಾಲೇಜು ಹುಡುಗರು ಒಡೆದ ಪರದೆಯ ಮೊಬೈಲಿನಲ್ಲೇ ಆಡುತ್ತಾರೆ, ಆದರೆ ಆಟದೊಳಗಿನ ಸೈನಿಕನಿಗೆ ಬಂಗಾರದ ಬಣ್ಣದ ಅಂಗಿ ಕೊಂಡಿರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇದನ್ನೆಲ್ಲ ಬೈಯುತ್ತಲೇ ನಾನೂ ಆಡುತ್ತಿದ್ದೆ. ಬೈಯುವುದರಲ್ಲೂ ಒಂದು ಖುಷಿ ಇತ್ತು. ಅಪ್ಪನ ಕುರಿಗಳು ಹೋದ ಮೇಲೆ ಆ ಖುಷಿ ಉಳಿಯಲಿಲ್ಲ.

ಅಪ್ಪ ತಂಬ್ರಹಳ್ಳಿಯಲ್ಲಿ ಜೀವಮಾನವೆಲ್ಲ ಕುರಿ ಕಾದವನು. ಸೊಂಟದ ಆಪರೇಷನ್ ಆದ ಮೇಲೆ ಹಿಂಡನ್ನು ಚಿಕ್ಕಪ್ಪ ನೋಡಿಕೊಳ್ಳತೊಡಗಿದ, ಅಪ್ಪ ಕೊಟ್ಟೂರಿನ ನಮ್ಮ ಮನೆಗೆ ಬಂದ. ಕೂತಲ್ಲಿ ಕೂತು ಗೊತ್ತಿಲ್ಲದ ಜೀವ. ಟಿ.ವಿ. ಹಚ್ಚಿದರೆ ಗೋಡೆ ನೋಡುತ್ತಿದ್ದ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ನನ್ನ ಹೆಂಡತಿ ಒಂದು ದಿನ, “ಮಾವಾರಿಗೆ ನಿಮ್ಮ ಆಟದಾಗ ಯಾವುದನ್ನ ಒಂದು ಹಚ್ಚಿ ಕೊಡ್ರಿ. ಹಿಂಗ ಕುಂತ್ರ ಮನುಷ್ಯ ಉಳಿಯಂಗಿಲ್ಲ” ಅಂದಳು.

ಹುಡುಕಿ ಹುಡುಕಿ ಒಂದು ಕುರಿ ಸಾಕುವ ಆಟ ತಂದು ಟ್ಯಾಬಿನಲ್ಲಿ ಹಾಕಿದೆ. ಹುಲ್ಲುಗಾವಲು, ಹಳ್ಳ, ಕುರಿ ಕೂಡುವ ರೊಪ್ಪದಂಥ ಒಂದು ಬೇಲಿ. ಕುರಿ ಮೇಯಿಸಬೇಕು, ನೀರು ಕುಡಿಸಬೇಕು, ಉಣ್ಣೆ ಕತ್ತರಿಸಿ ಮಾರಬೇಕು. ಅಪ್ಪ ಮೊದಲು ನೋಡಿ, “ಇದೇನು ಕುರಿನೋ ಹತ್ತಿ ಉಂಡಿನೋ” ಅಂದ. ಆಮೇಲೆ ಬೆರಳಿಟ್ಟ. ಬೆರಳು ಹೋದ ಕಡೆ ಹಿಂಡು ಹೋಯಿತು. ಕೆಲವು ದಿನಗಳಲ್ಲಿ ನಡುಮನೆಯಿಂದ ಅವನ ಸಿಳ್ಳೆ ಕೇಳತೊಡಗಿತು. ಟ್ಯಾಬಿನ ಕುರಿಗೆ ಸಿಳ್ಳೆ ಕೇಳುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಹೊಡೆಯುತ್ತಿದ್ದ. ರೊಟ್ಟಿ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ. ಆ ಆಟ ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹಿಂಡಿನಲ್ಲಿ ಒಂದು ಮರಿಯನ್ನು ಮೈಲಾರಲಿಂಗನ ಹೆಸರಿಗೆ ಬಿಡುತ್ತಾರೆ. ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಿ ಬಿಟ್ಟರೆ ಮುಗಿಯಿತು. ಅದರ ಉಣ್ಣೆ ಕತ್ತರಿಸುವುದಿಲ್ಲ, ಅದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ. ಅದು ಹಿಂಡಿನ ಜೊತೆ ಮೇಯ್ದುಕೊಂಡು, ಮುದಿಯಾಗಿ, ತಾನಾಗಿ ಸಾಯಬೇಕು. ಅದು ಇದ್ದರೆ ಹಿಂಡಿಗೆ ಕಾವಲು ಎಂಬ ನಂಬಿಕೆ. ಅಪ್ಪ ಟ್ಯಾಬಿನ ಹಿಂಡಿನಲ್ಲೂ ಒಂದನ್ನು ಬಿಟ್ಟ. ನಾನು ನಕ್ಕೆ. ಅವನು ನಗಲಿಲ್ಲ.

“ಹಿಂಡು ಅಂದಮ್ಯಾಲೆ ಹಿಂಡು. ಅವನ ಪಾಲು ಅವನಿಗೆ ಬಿಡಬೇಕು. ಭಂಡಾರ ಎಲ್ಲಿ ಐತಿ ನೋಡು ಇದರಾಗ.”

ಹುಡುಕಿದೆ. ಕುರಿಗೆ ಬಣ್ಣ ಹಚ್ಚುವ ಸೌಲಭ್ಯ ಇತ್ತು. ಕೆಂಪು, ನೀಲಿ ಪುಕ್ಕಟೆ. ಹಳದಿಗೆ ರೊಕ್ಕ. ಕೊಟ್ಟು ಕೊಂಡೆ. ಅಪ್ಪ ಆ ಮರಿಯ ತಲೆಗೆ ಹಳದಿ ಹಚ್ಚಿ “ಏಳು ಕೋಟಿಗೋ” ಎಂದು ಮೈಲಾರನ ಘೋಷವನ್ನು ಮೆಲ್ಲಗೆ ಅಂದುಕೊಂಡ. ಅದು ಬೆಳೆಯಿತು. ಕತ್ತರಿಸದೆ ಬಿಟ್ಟ ಉಣ್ಣೆ ಮೈತುಂಬ ಬೆಳೆದು ಕಾಲು ಮುಚ್ಚಿತು. ಕತ್ತರಿ ಚಿತ್ರವೊಂದು ಅದರ ತಲೆಯ ಮೇಲೆ ಸದಾ ಮಿಣುಕುತ್ತಿತ್ತು. ಅಪ್ಪ ಆ ಕತ್ತರಿಗೆ ತಾಗದಂತೆ ಹುಷಾರಾಗಿ ಬೆರಳಾಡಿಸುತ್ತಿದ್ದ.

ಹೀಗಿರುವಾಗ ಆಟಕ್ಕೆ ಅಪ್‌ಡೇಟ್ ಬಂತು. ಮರುದಿನ ಬೆಳಿಗ್ಗೆ ಅಪ್ಪ ಟ್ಯಾಬ್ ಹಿಡಿದು ಕೂತವನು ನನ್ನನ್ನು ಕರೆದ. “ಲೇ ತಮ್ಮ, ದೇವರ ಕುರಿ ಕಾಣವಲ್ದು.” ತೋಳ ಹಿಡಿದಿರಬೇಕು, ಬೇಲಿ ಹಾರಿರಬೇಕು ಎಂದು ಅವನು ಹಳ್ಳದ ದಂಡೆಯೆಲ್ಲ ಹುಡುಕಿಬಿಟ್ಟಿದ್ದ. ನಾನು ಇಂಗ್ಲಿಷಿನಲ್ಲಿ ಬಂದಿದ್ದ ಸೂಚನೆ ಓದಿದೆ. ಆಟದ ಒಂದು ಹಂಗಾಮು ಪೂರ್ತಿ ಏನೂ ಉತ್ಪನ್ನ ಕೊಡದೆ ಸುಮ್ಮನಿರುವ ಪ್ರಾಣಿಗಳನ್ನು ಇನ್ನು ಮುಂದೆ ಆಟವೇ ಮಾರಿ, ಅವುಗಳ ಬೆಲೆಯನ್ನು ಆಟದ ನಾಣ್ಯವಾದ ಡೈಮಂಡ್ ರೂಪದಲ್ಲಿ ನಮ್ಮ ಖಾತೆಗೆ ಹಾಕುತ್ತದೆ. ಎಲ್ಲ ಆಟಗಾರರ ಅನುಕೂಲಕ್ಕಾಗಿ.

ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಅಪ್ಪ ಟ್ಯಾಬ್ ಕೆಳಗಿಟ್ಟ. “ಮಾರ್ಯಾರಾ? ದೇವರಿಗೆ ಬಿಟ್ಟದ್ದನ್ನ?”

“ಅದು ಆಟ ಅಪ್ಪಾ. ಖರೇ ಕುರಿ ಅಲ್ಲ.”

“ನಾನು ಬಿಟ್ಟಿದ್ದು ಖರೇನ ಐತೆಲ್ಲ.”

ಅವತ್ತೇ ಕೂತು ಕಂಪನಿಗೆ ಉದ್ದ ಪತ್ರ ಬರೆದೆ. ಕುರಿ ಯಾಕೆ ಸುಮ್ಮನಿತ್ತು, ಅದನ್ನು ಯಾಕೆ ಮಾರಬಾರದು, ಎಲ್ಲ ಬಿಡಿಸಿ ಬರೆದೆ. ಯಂತ್ರ ಉತ್ತರ ಕೊಟ್ಟಿತು. ನಿಮ್ಮ ಡೈಮಂಡ್ ಸರಿಯಾಗಿ ಜಮಾ ಆಗಿದೆ, ಆನಂದಿಸಿ. ಮತ್ತೆ ಬರೆದೆ, ಮತ್ತೆ ಅದೇ. ಹೋದ ಪುಟ್ಟ ಬಂದ ಪುಟ್ಟ. ಕೊನೆಗೆ ಒಂದು ದಾರಿ ತೋರಿಸಿತು. ತಿಂಗಳಿಗಿಷ್ಟು ಎಂದು ಕಟ್ಟಿದರೆ ಸುಮ್ಮನಿರುವ ಪ್ರಾಣಿಗಳಿಗೆ ರಕ್ಷಣೆ ಸಿಗುತ್ತದಂತೆ. ಯಾರಿಂದ ರಕ್ಷಣೆ? ಅವರಿಂದಲೇ. ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ, ಆ ತೋಳನಿಗೆ ತಿಂಗಳ ಸಂಬಳ ಬೇರೆ. ಆದರೂ ಕಟ್ಟುತ್ತೇನೆ ಅಂದೆ. ಅಪ್ಪ ಒಪ್ಪಲಿಲ್ಲ. “ದೇವರ ಕುರಿಗೆ ಯಾರಾರ ಬಾಡಿಗಿ ಕಟ್ತಾರೇನು? ಬಾಡಿಗಿ ಕೊಟ್ಟು ಇಟ್ಟಿದ್ದು ಬಿಟ್ಟಂಗ ಹೆಂಗಾಗತೈತಿ?”

ನಮ್ಮಲ್ಲಿ ತಪ್ಪಿಗೂ ಒಂದು ದಾರಿ ಇದೆ. ದೇವರ ಕುರಿ ಕೈತಪ್ಪಿ ಮಾರಾಟವಾಗಿ ಹೋದರೆ ಒಂದರ ಬದಲು ಎರಡು ಬಿಡಬೇಕು. ಒಮ್ಮೆ ಚಿಕ್ಕಪ್ಪ ಗಡಿಬಿಡಿಯಲ್ಲಿ ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಹಾಗೆ ಮಾರಿ ಬಂದಾಗ ಅಜ್ಜ ಎರಡು ಬಿಡಿಸಿದ್ದನಂತೆ. ಅಪ್ಪ ಟ್ಯಾಬಿನಲ್ಲೂ ಎರಡಕ್ಕೆ ಹಳದಿ ಹಚ್ಚಿದ. ಇವನ್ನೂ ಮಾರುತ್ತಾರೆ ಅಪ್ಪಾ ಎಂದು ಹೇಳಿದೆ. “ಬಿಡಾದು ನನ್ನ ಕೆಲಸ” ಅಂದ. ಹಂಗಾಮು ಮುಗಿಯಿತು, ಎರಡೂ ಹೋದವು. ಡೈಮಂಡ್ ಬಂತು. ಜೊತೆಗೆ ಪಟಾಕಿ ಸಿಡಿಯುವ ಚಿತ್ರ.

ಅಪ್ಪ ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಹೆಂಡತಿ ತಾಟು ಹಿಡಿದು ಎರಡು ಸಲ ಹೋಗಿ ಬಂದಳು. ಸಂಜೆ ನಾನು ಅಂಗಡಿಯಿಂದ ಬಂದಾಗ, ತಾನಾಗಿಯೇ ಮಾತು ತೆಗೆದ.

“ಮೈಲಾರಪ್ಪನ ರೊಕ್ಕ ನಮ್ಮ ರೊಕ್ಕದಾಗ ಕಲತುಬಿಟ್ಟೈತಿ. ಇನ್ನ ಯಾವ ಕುರಿ ಅವಂದು, ಯಾವ ಕುರಿ ನಮ್ದು ಅಂತ ಹೆಂಗ ಹೇಳ್ತಿ? ಎಲ್ಲಾ ಅವಂದ. ನನಗ ಕಾಯಾದಷ್ಟ ಉಳದೈತಿ.”

ಹಿಂಡಿಗೆ ಹಿಂಡನ್ನೇ ಬಿಟ್ಟ. ಒಂದೊಂದೇ ಕುರಿಯ ತಲೆಗೆ ಹಳದಿ ಹಚ್ಚಿದ. ಉಣ್ಣೆ ಕತ್ತರಿಸುವುದು ನಿಲ್ಲಿಸಿದ, ಮಾರುವುದು ನಿಲ್ಲಿಸಿದ. ಬೆಳಿಗ್ಗೆ ಮೇಯಿಸುತ್ತಿದ್ದ, ಮಧ್ಯಾಹ್ನ ಹಳ್ಳಕ್ಕೆ ಬಿಡುತ್ತಿದ್ದ, ಸಂಜೆ ಬೇಲಿಯೊಳಗೆ ಹಾಕಿ ಟ್ಯಾಬ್ ಮುಚ್ಚುತ್ತಿದ್ದ. ಸಿಳ್ಳೆ ಮಾತ್ರ ನಿಂತಿತ್ತು.

ಆಟವನ್ನೇ ಅಳಿಸಿ ಹಾಕುತ್ತೇನೆ ಎಂದರೆ ಕೇಳಲಿಲ್ಲ. ಹಿಂಡು ಬಿಟ್ಟು ಹೋಗುವುದು ಅವನಿಗೆ ಗೊತ್ತಿಲ್ಲ. ಯಾರಿಗಾದರೂ ವಹಿಸಿ ಕೊಡು ಅಂದ. ಒಂದು ಖಾತೆಯ ಕುರಿ ಇನ್ನೊಂದು ಖಾತೆಗೆ ಹೋಗುವುದಿಲ್ಲ ಎಂಬುದು ಆ ಆಟದ ನಿಯಮ. ನಿಯಮ ಬರೆದವರು ಹತ್ತಾರು ತರಹದ ಮಾರಾಟವನ್ನು ಯೋಚಿಸಿದ್ದಾರೆ. ಕೊಡುವುದನ್ನು ಯೋಚಿಸಿಲ್ಲ, ಬಿಡುವುದನ್ನಂತೂ ಯೋಚಿಸಿಯೇ ಇಲ್ಲ. ಸುಮ್ಮನೆ ಒಂದು ಜೀವವನ್ನು ಮೇಯಲು ಬಿಟ್ಟವನು ಅವರ ಲೆಕ್ಕದಲ್ಲಿ ಆಟ ಬಾರದವನು. ಇಂಥವರ ಆಟಗಳನ್ನು ನಾನು ಬೈಯುತ್ತಲೇ ಇಷ್ಟು ವರ್ಷ ಆಡಿಕೊಂಡು ಬಂದಿದ್ದೇನೆ.

ಮುಂದಿನ ಹಂಗಾಮಿನ ಕೊನೆಗೆ ಬೇಲಿಯೊಳಗೆ ಒಂದು ಕುರಿಯೂ ಇರಲಿಲ್ಲ. ಪರದೆಯ ತುಂಬ ಹೂಮಳೆ, ತುತ್ತೂರಿ, ನಡುವೆ ದೊಡ್ಡ ಬಂಗಾರದ ಪದಕ. ಅಪ್ಪ ಟ್ಯಾಬನ್ನು ನನ್ನ ಮುಂದೆ ಹಿಡಿದ.

“ಏನು ಬರದಾರ ನೋಡು.”

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. “ಈ ಹಂಗಾಮಿನಾಗ ಎಲ್ಲಾರಿಗಿಂತ ಹೆಚ್ಚು ಕುರಿ ಮಾರಿದ ವ್ಯಾಪಾರಿ ಅಂತ ಬರದಾರ ಅಪ್ಪಾ.”

“ಯಾರು?”

“ನೀನು.”

ಅಪ್ಪ ಪದಕವನ್ನು ಕಣ್ಣ ಹತ್ತಿರ ತಂದ. ತನ್ನ ಹೆಸರು ಯಾವುದು ಎಂದು ಕೇಳಿದ. ತೋರಿಸಿದೆ. ಆ ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟು ಒರೆಸಿದ. ಮತ್ತೆ ಒರೆಸಿದ.

“ತಗಿ ಇದನ್ನ. ಮೈಲಾರಪ್ಪ ನೋಡಬಾರದು.”

ಹೆಸರು ತೆಗೆಯುವ ಜಾಗ ಹುಡುಕಿದೆ. ಸಿಕ್ಕಿತು. ಅದಕ್ಕೆ ಡೈಮಂಡ್ ಕೊಡಬೇಕಿತ್ತು. ಖಾತೆಯಲ್ಲಿ ಡೈಮಂಡ್‌ಗೇನೂ ಬರ ಇರಲಿಲ್ಲ. ಎಲ್ಲವೂ ಆ ಕುರಿಗಳನ್ನು ಮಾರಿ ಬಂದವು.