ವಾಸನೆಯಿಲ್ಲದ ಅಮಲು

ನನ್ನ ಗಂಡ ಕುಡಿದು ಬಂದಿದ್ದಾನೋ ಇಲ್ಲವೋ ಎಂಬುದು ಅವನು ಬಾಗಿಲಿಗೆ ಬರುವ ಮೊದಲೇ ನನಗೆ ತಿಳಿಯುತ್ತಿತ್ತು. ಪುಣೆಯ ಬಿಬವೇವಾಡಿಯಲ್ಲಿ ನಮ್ಮದು ರಸ್ತೆಗೆ ತಾಗಿದ ಕೆಳಗಿನ ಮನೆ. ಕಿಟಕಿಯ ಪಕ್ಕದಲ್ಲೇ ನನ್ನ ಹೊಲಿಗೆ ಮಷೀನು. ಸ್ಕೂಟರಿನ ಸ್ಟ್ಯಾಂಡು ಒಂದೇ ಏಟಿಗೆ ಬಿದ್ದರೆ ಹಸಿದು ಬಂದಿದ್ದಾನೆ ಎಂದರ್ಥ. ನೆಲಕ್ಕೆ ಎರಡೆರಡು ಸಲ ಕೆರೆದರೆ ಹಾಕಿಕೊಂಡು ಬಂದಿದ್ದಾನೆ. ಆಮೇಲೆ ಮರೆಮಾಚಲು ಅಗಿದ ಬಡೇಸೋಪಿನ ವಾಸನೆ, ಅದರ ಬೆನ್ನಿಗೇ ಇನ್ನೊಂದು ವಾಸನೆ. ಆಮೇಲೆ ತಾಯಿಗೆ "ಅವ್ವಾ, ಉಂಡ್ಯಾ?" ಎಂಬ ಇಲ್ಲದ ಸಿಹಿ ದನಿ. ಅಷ್ಟರಲ್ಲಿ ನಾನು ಮಷೀನು ನಿಲ್ಲಿಸಿ, ತುಟಿ ಬಿಗಿದು, ತಟ್ಟೆ ಹಾಕಿರುತ್ತಿದ್ದೆ. ಎದುರಿಗೆ ನಾನು ಅವನಿಗೆ ರೀ ಎನ್ನುತ್ತೇನೆ. ಬರೆಯುವಾಗ ಏಕವಚನವೇ ಸಲೀಸು. ಸಿಟ್ಟಿಗೆ ಅಷ್ಟಾದರೂ ಜಾಗ ಬೇಡವೇ.

ಈ ವಿದ್ಯೆಯನ್ನು ನನಗೆ ಕಲಿಸಿದವರು ಅತ್ತೆ. ಮಾವ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು. ಯೆರವಡಾದಲ್ಲಿ ಒಂದು ತಗಡಿನ ಶೆಡ್ಡಿನಲ್ಲಿ ಸಂಸಾರ. ದಿನಾ ಕುಡಿಯುತ್ತಿದ್ದರು, ಕುಡಿದಾಗ ಹೊಡೆಯುತ್ತಿದ್ದರು. ಅವರು ಓಣಿಯ ತಿರುವಿನಲ್ಲಿರುವಾಗಲೇ ಅತ್ತೆಗೆ ವಾಸನೆ ತಿಳಿಯುತ್ತಿತ್ತಂತೆ. ಕೂಸನ್ನು ಎತ್ತಿಕೊಂಡು ಹಿಂದಿನ ಸಿಮೆಂಟು ಚೀಲಗಳ ಮರೆಗೆ ಹೋಗಿ, ಗೊರಕೆ ಕೇಳಿಸುವ ತನಕ ಕೂತಿರುತ್ತಿದ್ದರಂತೆ. ಆ ಕೂಸೇ ನನ್ನ ಗಂಡ. "ವಾಸನಿ ಅಂದ್ರ ದೇವರು ಮೊದಲ ಕಳಿಸೋ ಸುದ್ದಿ ನೋಡವ್ವಾ. ಅದು ಬಂತಂದ್ರ ನಮಗ ಓಡ್ಲಿಕ್ಕ ಟೈಮ್ ಸಿಗ್ತದ," ಎಂದು ಮದುವೆಯಾದ ಹೊಸತರಲ್ಲೇ ಅತ್ತೆ ನನಗೆ ಹೇಳಿದ್ದರು. ಹೊಸ ಸೊಸೆಗೆ ಹೇಳುವ ಮಾತೇ ಅದು ಎಂದು ಆಗ ನನಗೆ ಅತ್ತೆಯ ಮೇಲೇ ಸಿಟ್ಟು ಬಂದಿತ್ತು.

ನನ್ನ ಗಂಡ ಯಾವತ್ತೂ ಕೈ ಎತ್ತಿದವನಲ್ಲ. ಕುಡಿದರೆ ಅಳುತ್ತಿದ್ದ, ಉಂಡು ಮಲಗುತ್ತಿದ್ದ. ಫ್ಲ್ಯಾಟುಗಳಿಗೆ ಫರ್ಶಿ, ಅಂದರೆ ನೆಲದ ಟೈಲ್ಸು, ಹಾಕಿಸುವ ಗುತ್ತಿಗೆ ಅವನದು. ಕೆಲಸದಲ್ಲಿ ಒಂದು ಕೂದಲಿನಷ್ಟು ಸಂದು ಹೆಚ್ಚಾದರೂ ಕಿತ್ತು ಹಾಕಿಸುವ ಮನುಷ್ಯ. ಅಂಥವನು ಒಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಾರಿಕೊಂಡ. ಸದಾಶಿವ ಪೇಠದ ಡಾಕ್ಟರು ಕಾಗದಗಳನ್ನೆಲ್ಲ ನೋಡಿ, ಅವನನ್ನು ಬಿಟ್ಟು ನನ್ನ ಮುಖ ನೋಡುತ್ತಾ ಮರಾಠಿಯಲ್ಲಿ ಹೇಳಿದರು: ಈ ಸಲ ಲಿವರ್ ಉಳಿದಿದೆ, ಇನ್ನೊಮ್ಮೆ ಕುಡಿಯಲು ಶುರು ಮಾಡಿದರೆ ಇಲ್ಲಿ ತನಕ ಕರೆತರುವ ಕಷ್ಟ ತೆಗೆದುಕೊಳ್ಳಬೇಡಿ. ಸುತ್ತಿ ಬಳಸಿ ಹೇಳುವ ಡಾಕ್ಟರು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ರಿಕ್ಷಾದಲ್ಲಿ ಕೂತಾಗ ಅನ್ನಿಸಿತು.

ಅತ್ತೆ ಮಗನನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿ ತುಳಸಿ ಮಾಲೆ ಹಾಕಿಸಿದರು. ನಮ್ಮ ಕಡೆ, ಈ ಕಡೆ, ಎರಡೂ ಕಡೆ ನಡೆದು ಬಂದದ್ದು ಇದು. ಕೊರಳಲ್ಲಿ ವಿಠ್ಠಲನ ಮಾಲೆ ಬಿದ್ದಮೇಲೆ ಹೆಂಡ ಇಲ್ಲ, ಮಾಂಸ ಇಲ್ಲ. ಮಾಲೆ ಹಾಕಿಕೊಂಡು ಕುಡಿಯುವಂತಿಲ್ಲ. ಕುಡಿಯಲೇಬೇಕಾದರೆ ಮೊದಲು ಮಾಲೆ ತೆಗೆದು ದೇವರ ಮುಂದೆ ಇಡಬೇಕು. ಅಂಥವರನ್ನು ಮಾಳಕರಿ ಎಂದು ಕರೆಯುತ್ತಾರೆ, ಅವರ ಮುಂದೆ ಯಾರೂ ಬಾಟಲಿಯ ಮಾತು ತೆಗೆಯುವುದಿಲ್ಲ. ಡಾಕ್ಟರಿಗೆ ಹೆದರದ ಗಂಡ ಆ ಮಾಲೆಗೆ ಹೆದರಿದ. ಕುಡಿತ ನಿಂತಿತು. ಎರಡು ಆಷಾಢ ಹಾಗೇ ಕಳೆದವು.

ಆದರೆ ಸಂಜೆಗಳು ಮಾತ್ರ ಉಳಿದುಕೊಂಡವು. ದೀಪ ಹಚ್ಚುವ ಹೊತ್ತಿಗೆ ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಉಗುರಿನಲ್ಲಿ ಅಂಟಿದ ಸಿಮೆಂಟನ್ನು ಕೆರೆಯುತ್ತಾ ಕೂರುತ್ತಿದ್ದ, ರಕ್ತ ಬಂದರೂ ಕೆರೆಯುತ್ತಿದ್ದ. ಟಿವಿ ಹಾಕಿದರೆ ಆರಿಸು ಎನ್ನುವುದು, ಆರಿಸಿದರೆ ಹಾಕು ಎನ್ನುವುದು. ನಾನು ಮಷೀನಿನ ಪೆಡಲು ತುಳಿದರೆ ಆ ಸದ್ದಿಗೂ ರೇಗುತ್ತಿದ್ದ. ಕುಡಿತ ಬಿಟ್ಟವನ ಮನೆ ಸ್ವರ್ಗ ಎಂದುಕೊಂಡಿದ್ದವಳು ನಾನು. ಬಿಗಿಯಾಗಿ ಮುಚ್ಚಿದ ಕುಕ್ಕರಿನ ಪಕ್ಕ ಕೂತಂತೆ ಇರುತ್ತಿತ್ತು.

ಆಗ ಯೆರವಡಾದ ಕಡೆ ಒಂದು ಹೊಸ ಕಟ್ಟಡದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಫ್ಲ್ಯಾಟಿನ ಯಜಮಾನ ಮೈಸೂರು ಕಡೆಯವನು, ಅಲ್ಲೇ ಹತ್ತಿರದ ಐಟಿ ಪಾರ್ಕಿನಲ್ಲಿ ಕೆಲಸ. ಕನ್ನಡದವರು ಎಂದು ಇಬ್ಬರಿಗೂ ಸಲುಗೆ ಬೆಳೆಯಿತು. ಒಂದು ಭಾನುವಾರ ಗಂಡ ಅವನನ್ನು ರೊಟ್ಟಿ ಊಟಕ್ಕೆ ಕರೆತಂದ. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಎಣ್ಣೆಗಾಯಿ ಮೂರು ಸಲ ಹಾಕಿಸಿಕೊಂಡ. ಆದರೆ ತನಗಿಂತ ನಾಲ್ಕೈದು ವರ್ಷ ದೊಡ್ಡವಳಾದ ನನ್ನನ್ನು ಆಂಟಿ ಎಂದು ಕರೆದ, ಅದು ಈಗಲೂ ನನ್ನ ಮನಸ್ಸಿನಲ್ಲಿದೆ.

ಉಂಡಮೇಲೆ ಅವನು ಚೀಲದಿಂದ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಗಾಳಿಯಿಲ್ಲದಂತೆ ಬಿಗಿದು ಮುಚ್ಚಿದ್ದು. ಒಳಗೆ ಸುಕ್ಕುಗಟ್ಟಿದ ಉತ್ತತ್ತಿಯ ಚೂರುಗಳಂಥವು.

"ಮ್ಯಾಜಿಕ್ ಟ್ರಫಲ್ ಅಂತಾರೆ ಆಂಟಿ. ನೆಲದೊಳಗೆ ಬೆಳೆಯೋ ಅಣಬೆ ಗೆಡ್ಡೆ. ಫುಲ್ ನ್ಯಾಚುರಲ್. ನಾನೂ ವೀಕೆಂಡ್ ಬಂದ್ರೆ ಸಿಕ್ಕಾಪಟ್ಟೆ ಕುಡೀತಿದ್ದೆ. ಈಗ ಒಂದು ಹನಿ ಮುಟ್ಟಲ್ಲ. ತಿಂಗಳಿಗೊಂದ್ಸಲ ಇದನ್ನ ತಿಂತೀನಿ, ಅಷ್ಟೇ. ಹ್ಯಾಂಗೋವರ್ ಇಲ್ಲ, ಲಿವರ್‌ಗೆ ಏನೂ ಆಗಲ್ಲ."

"ತಿಂದ್ರ ಏನಾಗ್ತದ್ರಿ?" ಎಂದು ಕೇಳಿದೆ.

"ಒಂದೈದಾರು ಗಂಟೆ... ಹೆಂಗೆ ಹೇಳ್ಲಿ, ನಿಮ್ಮನ್ನ ನೀವೇ ಒಳಗಿಂದ ನೋಡ್ತೀರಿ."

"ನಮ್ಮನ್ಯಾಗ ಕನ್ನಡಿ ಅದರಿ," ಎಂದೆ. ಗಂಡ ನನ್ನನ್ನು ಕೆಕ್ಕರಿಸಿ ನೋಡಿದ. ಐಟಿಯವನು ನಕ್ಕ. ಅವನ ಸ್ನೇಹಿತ ಪರದೇಶದಿಂದ ತಂದದ್ದಂತೆ, ಅಲ್ಲಿ ಅಂಗಡಿಯಲ್ಲೇ ಮಾರುತ್ತಾರಂತೆ. "ಮತ್ತ ಇಲ್ಲಿ?" ಎಂದಾಗ ಮಾತ್ರ ಅವನು ಮಜ್ಜಿಗೆ ಲೋಟ ಎತ್ತಿ ಬಾಯಿಗಿಟ್ಟ. ಆ ಲೋಟ ಕೆಳಗಿಳಿಯಲು ಬಹಳ ಹೊತ್ತು ಹಿಡಿಯಿತು. ಪೊಟ್ಟಣ ನಮ್ಮ ಮನೆಯಲ್ಲೇ ಉಳಿಯಿತು.

ನಾನು ಎಸೆಯಿರಿ ಎಂದು ಜಗಳ ತೆಗೆದೆ. ಗಂಡನ ವಾದ ಬೇರೆ ಇತ್ತು. "ಕೊರಳಾಗಿನ ಮಾಳ ಏನಂತದ? ಹೆಂಡ ಬ್ಯಾಡ, ಮಾಂಸ ಬ್ಯಾಡ. ಇದು ಎರಡೂ ಅಲ್ಲ. ಬಟಾಟಿ ಹಂಗ ಮಣ್ಣಾಗ ಬೆಳೀತದ," ಎಂದ. ಕೋರ್ಟಿನಲ್ಲಿ ವಾದಿಸಿದಂತೆ ವಾದಿಸಿದ. ಮಾಳಕರಿಯಾದ ಮೇಲೆ ದೇವರಿಗೆ ತೋರಿಸದೆ ಏನನ್ನೂ ಬಾಯಿಗೆ ಹಾಕಿದವನಲ್ಲ, ಇದನ್ನೂ ಮೊದಲು ವಿಠ್ಠಲನ ಮುಂದಿಟ್ಟೇ ತಿನ್ನುತ್ತೇನೆ ಎಂದ. ಅಂದರೆ ಕಳ್ಳತನವಲ್ಲ, ನೈವೇದ್ಯ. ಅವನು ನಿಜವಾಗಿ ಹಾಗೇ ನಂಬಿದ್ದ, ನನ್ನನ್ನು ಮರುಳು ಮಾಡಲು ಹೇಳಿದ್ದಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಒಂದು ಮಧ್ಯಾಹ್ನ ಅತ್ತೆ ಭಜನೆಗೆ ಹೋದಾಗ ಅವನು ತಿಂದ. ನಾನು ಹೊಲಿಯುತ್ತಾ ಅವನ ಮೇಲೆ ಒಂದು ಕಣ್ಣಿಟ್ಟಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ಗೋಡೆ ನೋಡುತ್ತಾ ಕೂತ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖದಲ್ಲಿ ಅಳು ಇರಲಿಲ್ಲ. "ಅಪ್ಪ ಬಂದಾನ. ಸುಮ್ಮ ಕುಂತಾನ," ಎಂದ. ಮಾವ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ನಾನು ಎದ್ದು ಹೋಗಿ ಅವನ ಬಾಯಿಯ ಹತ್ತಿರ ಮೂಗು ಇಟ್ಟೆ. ಹಳೆಯ ಅಭ್ಯಾಸ. ಏನೂ ಇರಲಿಲ್ಲ. ನಾಲಗೆ ತೊದಲುತ್ತಿರಲಿಲ್ಲ, ಕಾಲು ತಪ್ಪುತ್ತಿರಲಿಲ್ಲ. ಮನುಷ್ಯ ಇಲ್ಲಿ ಇರಲಿಲ್ಲ, ಅಷ್ಟೇ.

ಸತ್ಯ ಹೇಳಬೇಕೆಂದರೆ ಆಮೇಲಿನ ವಾರಗಳು ಚೆನ್ನಾಗಿದ್ದವು. ಉಗುರು ಕೆರೆಯುವುದು ನಿಂತಿತು. ಸಂಜೆ ತಾಯಿಯ ಕಾಲು ಒತ್ತಿದ, ನನ್ನ ಮಷೀನಿಗೆ ಎಣ್ಣೆ ಹಾಕಿಕೊಟ್ಟ. ಹೆಂಡದ ನೆನಪೇ ಬರುವುದಿಲ್ಲ ಎಂದ. ನಾನೂ ನಂಬತೊಡಗಿದ್ದೆ. ಆದರೂ ಅವನು ಮನೆಗೆ ಬರುವ ಹೊತ್ತಿಗೆ ನನ್ನ ಕಿವಿ ಸ್ಟ್ಯಾಂಡಿನ ಸದ್ದಿಗೆ ಕಾಯುತ್ತಿತ್ತು, ಆ ಸದ್ದು ನನಗೆ ಇನ್ನು ಏನನ್ನೂ ಹೇಳುತ್ತಿರಲಿಲ್ಲ.

ಏಕಾದಶಿ ಕಳೆದ ಮರುದಿನ ಬೆಳಿಗ್ಗೆ ಅದು ನಡೆಯಿತು. ಅತ್ತೆ ಏಕಾದಶಿಗೆ ನೀರು ಬಿಟ್ಟು ಏನೂ ತೆಗೆದುಕೊಳ್ಳುವುದಿಲ್ಲ. ದ್ವಾದಶಿಯ ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ಇಟ್ಟದ್ದನ್ನು ಮೊದಲು ಬಾಯಿಗೆ ಹಾಕಿಕೊಂಡು, ಆಮೇಲೆ ಚಹಾ. ಏನಿಟ್ಟಿದ್ದೀರಿ ಎಂದು ಕೇಳುವ ಪದ್ಧತಿ ಇಲ್ಲ. ಪ್ರಸಾದಕ್ಕೆ ರುಚಿ ನೋಡುವಂತಿಲ್ಲ, ಉಗುಳುವಂತಿಲ್ಲ. ಆವತ್ತು ಗಂಡನಿಗೆ ರಜೆ. ಅತ್ತೆ ಸ್ನಾನಕ್ಕೆ ಹೋದಾಗ ಉಳಿದ ಗೆಡ್ಡೆಯ ಚೂರುಗಳನ್ನು ಸಣ್ಣ ಬಟ್ಟಲಿನಲ್ಲಿ ಹಾಕಿ, ತುಳಸಿ ಎಲೆ ಇಟ್ಟು, ವಿಠ್ಠಲನ ಮುಂದಿಟ್ಟಿದ್ದಾನೆ. ಅಷ್ಟರಲ್ಲಿ ಸೈಟಿನಿಂದ ಫೋನು ಬಂದಿದೆ, ಮಾತಾಡುತ್ತಾ ಹೊರಗೆ ಹೋಗಿದ್ದಾನೆ. ನಾನು ಅಡುಗೆಮನೆಯಲ್ಲಿ ಹೆಸರುಬೇಳೆ ತೊಳೆಯುತ್ತಿದ್ದೆ. ಅವನು ಒಳಗೆ ಬಂದು ನೋಡಿದರೆ ಬಟ್ಟಲಿನಲ್ಲಿ ತುಳಸಿ ಎಲೆಯೂ ಇರಲಿಲ್ಲ.

"ಅವ್ವಾ, ಇಲ್ಲಿಂದು ಯಾರ ತಿಂದ್ರು?"

"ನಾನಽ. ಉತ್ತತ್ತಿ ಹುಳಿ ಬಡದಾವಪ್ಪಾ," ಎಂದರು ಅತ್ತೆ, ಚಹಾಕ್ಕೆ ಕೈ ಚಾಚುತ್ತಾ.

ಅವನ ಮುಖ ಸುಣ್ಣದಂತಾಯಿತು. ಅದನ್ನು ನೋಡಿ ನನಗೆ ಎಲ್ಲ ತಿಳಿಯಿತು. ಐಟಿಯವನಿಗೆ ಫೋನು ಮಾಡಿದ. "ಗಾಬರಿ ಆಗ್ಬೇಡಿ, ಸೇಫ್ ಅದು. ಸೈಲೆಂಟಾಗಿ ಒಂದು ರೂಮಲ್ಲಿ ಕೂರ್ಸಿ. ಹೊರಗಡೆ ಯಾರಿಗೂ ಹೇಳ್ಬೇಡಿ ಪ್ಲೀಸ್," ಎಂದು ಆ ಕಡೆಯಿಂದ ದನಿ ಕೇಳಿಸಿತು. ಬಿಪಿ ಗುಳಿಗೆ ನುಂಗುವ ಮುದುಕಿ, ಒಂದು ದಿನದ ಖಾಲಿ ಹೊಟ್ಟೆ. ಅವನ ಪ್ಲೀಸಿಗೆ ಬೆಂಕಿ ಹಾಕಲಿ ಎನ್ನಿಸಿತು. ರಿಕ್ಷಾ ಕರೆಯಿರಿ ಎಂದೆ. ಗಂಡ ಕದಲಲಿಲ್ಲ.

ಅತ್ತೆ ಮೊದಲು ನಕ್ಕರು. ಆಮೇಲೆ ವಾಂತಿ ಬಂದಂತಾಗಿ ಗೋಡೆ ಹಿಡಿದು ಕೂತರು. ಮಗನೇ ಹಾಕಿದ ನೆಲವನ್ನು ಅಂಗೈಯಿಂದ ಸವರಿದರು. "ಫರ್ಶಿ ಉಸುರಾಡ್ಲಕತ್ತಾವ," ಎಂದರು. ಗಂಡ ಹತ್ತಿರ ಹೋಗಿ ಮಂಡಿಯೂರಿ "ಅವ್ವಾ" ಎಂದ. ಅತ್ತೆ ತಲೆ ಎತ್ತಿ ಅವನನ್ನು ನೋಡಿದರು. ಆ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೂತಲ್ಲಿಂದಲೇ ಹಿಂದೆ ಹಿಂದೆ ಸರಿಯುತ್ತಾ, ನನ್ನ ಮಷೀನಿನ ಕೆಳಗೆ ಹೋಗಿ ಸೇರಿಕೊಂಡರು.

"ಇವತ್ತ ಹೊಡೀಬ್ಯಾಡ್ರಿ. ಕೂಸು ಈಗ ಮಲಗ್ಯದ."

"ಅವ್ವಾ, ನಾನಽ. ನಿನ್ನ ಮಗ."

"ಕೂಸು ಏಳ್ತದರಿ. ನಿಮ್ಮ ಕಾಲ ಬೀಳ್ತೀನಿ."

ಅವನು ಎರಡು ಕೈಯಲ್ಲಿ ಮಾಲೆ ಹಿಡಿದು ತೋರಿಸಿದ, ನೋಡು ನಾನು ಕುಡಿದಿಲ್ಲ ಎಂದ. ಅತ್ತೆ ಮೂಗು ಅರಳಿಸಿ ವಾಸನೆ ಹುಡುಕಿದರು. ಸಿಗಲಿಲ್ಲ. ಅದಕ್ಕೇ ಇನ್ನೂ ಗಟ್ಟಿಯಾಗಿ ಚೀರಿದರು. ಪಕ್ಕದ ಮನೆಯವಳು ಬಂದು ಬಾಗಿಲು ಬಡಿದಳು. ನಾನು ಅವಳ ಕೈಯಲ್ಲೇ ರಿಕ್ಷಾ ತರಿಸಿ, ಅತ್ತೆಯನ್ನು ಅಪ್ಪಿಕೊಂಡು ಹತ್ತಿರದ ದವಾಖಾನೆಗೆ ಹೋದೆ. ಏನು ತಿಂದರು ಎಂದು ಅಲ್ಲಿಯವರು ಕೇಳಿದಾಗ ಗಂಡ ನೆಲ ನೋಡುತ್ತಿದ್ದ. ನಾನೇ ಹೇಳಿದೆ. ಸಲೈನು ಹಚ್ಚಿದರು, ಬೈದರು. ಹೊತ್ತು ಇಳಿಯುವ ವೇಳೆಗೆ ಅತ್ತೆ ತಾವಾಗಿಯೇ ಸುಧಾರಿಸಿಕೊಂಡರು, ನೀರು ಕೇಳಿದರು.

ಜೀವಕ್ಕೇನೂ ಆಗಲಿಲ್ಲ. ಗೆಡ್ಡೆಯ ಅಮಲು ಅದು, ಉಳಿದದ್ದೆಲ್ಲ ಸುಳ್ಳು ಎಂದು ಗಂಡ ಎಷ್ಟೋ ಸಲ ತಿಳಿಸಿ ಹೇಳಿದ. ಅತ್ತೆ ತಲೆಯಾಡಿಸಿದರು. ಆದರೆ ಮಾರನೆಯ ಸಂಜೆಯಿಂದ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಎದ್ದು ಬಾಗಿಲಿಗೆ ಹೋಗುವುದು ಶುರುವಾಯಿತು. ಮಗನ ಮುಖದ ಹತ್ತಿರ ಮುಖ ತಂದು ಮೂಸುವರು. ಏನೂ ಇಲ್ಲ ಎಂದಾದಾಗ ಹಿಂದೆ ಸರಿದು, ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುವರು. ಅವನು ಮಲಗುವ ತನಕ ತೆಗೆಯುತ್ತಿರಲಿಲ್ಲ. ಒಂದು ದಿನ ನಾನು ತಡೆಯಲಾರದೆ ಕೇಳಿದೆ, ನಿಮ್ಮ ಮಗ ಕುಡಿಯುವುದಿಲ್ಲ, ಇನ್ನೇನು ಬೇಕು ನಿಮಗೆ ಎಂದು.

"ನಿಮ್ಮ ಮಾವ ಕುಡದು ಬಂದಾಗೆಲ್ಲ ನನಗ ಗೊತ್ತಾಗ್ತಿತ್ತು, ಅಡಗತಿದ್ದೆ," ಎಂದರು ಅತ್ತೆ. "ಆವತ್ತ ಇವನ ಮಾರ್ಯಾಗ ವಾಸನಿ ಇಲ್ದಽ ಬಂದ. ನಾ ಎಲ್ಲಿ ಅಡಗ್ಲಿ ಹೇಳು."

ಗಂಡ ಹೊರಗಿನ ಕೋಣೆಯಲ್ಲಿ ಕೂತು ಇದನ್ನು ಕೇಳಿಸಿಕೊಂಡ. ಉಗುರು ಕೆರೆಯುವ ಸದ್ದು ಮಾತ್ರ ಬಂತು. ಪೊಟ್ಟಣ ಯಾವಾಗಲೋ ಕಸಕ್ಕೆ ಹೋಗಿತ್ತು, ಐಟಿಯವನ ಫೋನನ್ನೂ ಅವನು ಎತ್ತುತ್ತಿರಲಿಲ್ಲ. ತಾಯಿ ಅವನ ಕೈಯಿಂದ ನೀರು ಸಹ ತೆಗೆದುಕೊಳ್ಳುತ್ತಿರಲಿಲ್ಲ. ದಿನಾ ಆ ಚಿಲಕದ ಸದ್ದು, ದಿನಾ ಅವನು ಮುಚ್ಚಿದ ಬಾಗಿಲಿನ ಮುಂದೆ ತಟ್ಟೆ ಇಟ್ಟುಕೊಂಡು ಉಣ್ಣದೆ ಕೂರುವುದು. ನನಗೆ ಅವನ ಮೇಲಿನ ಸಿಟ್ಟೂ ಸತ್ತುಹೋಯಿತು.

ಮೊನ್ನೆ ಬೆಳಿಗ್ಗೆ ಅವನು ಕೆಲಸಕ್ಕೆ ಹೋದಮೇಲೆ ದೇವರ ಗೂಡು ಒರೆಸಲು ಹೋದೆ. ವಿಠ್ಠಲನ ಪಾದದ ಹತ್ತಿರ ತುಳಸಿ ಮಾಲೆ ಸುರುಳಿ ಸುತ್ತಿ ಇಟ್ಟಿತ್ತು. ಫೋನು ಮಾಡಿದೆ, ಮತ್ತೆ ಮತ್ತೆ ಮಾಡಿದೆ, ಎತ್ತಲಿಲ್ಲ. ಹೊಲಿಯಲು ಕೂತರೆ ದಾರ ಸೂಜಿಯೊಳಗೆ ಹೋಗಲಿಲ್ಲ. ಸಂಜೆ ಸ್ಕೂಟರಿನ ಸ್ಟ್ಯಾಂಡು ಎರಡು ಸಲ ಕೆರೆಯಿತು.

ಬಡೇಸೋಪು ಕೂಡ ಅಗಿದಿರಲಿಲ್ಲ. ಅತ್ತೆ ಬಾಗಿಲಿಗೆ ಹೋದರು, ಎಂದಿನಂತೆ ಮುಖದ ಹತ್ತಿರ ಮುಖ ತಂದರು. ಅವನು ಚಿಕ್ಕ ಮಕ್ಕಳು ಹಲ್ಲು ತೋರಿಸುವ ಹಾಗೆ ಬಾಯಿ ತೆರೆದು ನಿಂತ. ಅತ್ತೆ ಒಂದು ಸಲ ಉಸಿರೆಳೆದರು. ಅವರ ಹೆಗಲು ಸಡಿಲಾಯಿತು.

"ಕುಡದಾನ, ಅಷ್ಟ," ಎಂದು ನನ್ನತ್ತ ತಿರುಗಿ ಹೇಳಿದರು.

ಆಮೇಲೆ ಮಗನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು, ಎಷ್ಟೋ ದಿನಗಳ ಮೇಲೆ ಅವನ ಪಕ್ಕದಲ್ಲೇ ಕೂತು, ರೊಟ್ಟಿ ಮುರಿದು ತಟ್ಟೆಗೆ ಹಾಕಿದರು. ಅವನು ಅಳುತ್ತಾ ಉಂಡ.