ಬೇಲಿನ ಮೇಲಿನ ಬೇವಿನ ಟೊಂಗೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಗೋದಾಮಿನಿಂದ ಸುಟ್ಟ ಬಟ್ಟೆಯ ವಾಸನೆ ಬಂತು. ಕಳೆದ ಹಂಗಾಮಿನ ಮಾತು. ಬೈಲಹೊಂಗಲದ ಒಂದು ಜಿನ್ನಿಂಗ್ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ವಿಭಾಗದ ಎಂಜಿನಿಯರ್. ಕಿತ್ತೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಹತ್ತಿಯಿಂದ ಬೀಜ ಬೇರ್ಪಡಿಸಿ, ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಬೇಲು, ಎಂದರೆ ಪಟ್ಟಿ ಬಿಗಿದ ದೊಡ್ಡ ಮೂಟೆ, ಕಟ್ಟುವುದು ಅಲ್ಲಿಯ ಕೆಲಸ.

ಹಿರಿಯ ಫಿಟರ್ ಬಸಲಿಂಗಪ್ಪ ಮಿಸ್ತ್ರಿ ನಿವೃತ್ತರಾಗುವವರಿದ್ದರು. ಮೂವತ್ತೆಂಟು ವರ್ಷಗಳ ಅವರ ತಿಳಿವಳಿಕೆ ಎಲ್ಲೂ ಬರೆದಿರಲಿಲ್ಲ. ಅದನ್ನು ಆಂಟಾಲಜಿಯಾಗಿ ಕೂಡಿಸುವ ಹೊಣೆ ನನಗೆ ಬಂತು. ಆಂಟಾಲಜಿ ಎಂದರೆ ಒಂದು ಕೆಲಸದಲ್ಲಿ ಬರುವ ವಸ್ತು, ಘಟನೆ, ಕ್ರಮಗಳನ್ನು ವರ್ಗಗಳಾಗಿ ವಿಂಗಡಿಸಿ, ಯಾವುದಕ್ಕೆ ಯಾವುದು ಸಂಬಂಧ ಎಂಬುದನ್ನು ಕಂಪ್ಯೂಟರಿಗೂ ತಿಳಿಯುವಂತೆ ಬರೆದಿಡುವ ನಕ್ಷೆ. ಟ್ಯಾಬ್ಲೆಟ್ ಹಿಡಿದು ಎರಡು ತಿಂಗಳು ಮಿಸ್ತ್ರಿಯ ಹಿಂದೆಯೇ ತಿರುಗಿದೆ.

"ಮಷಿನ್ ಹೆಂಗ ಒದರತೈತಿ ಅನ್ನೂದನ್ನ ಹೆಂಗ ಬರಕೋತೀ ಯವ್ವಾ? ನಿನ್ನ ಹಲಗಿಗೆ ಕಿವಿ ಅದಾವೇನು?" ಎಂದು ನಗುತ್ತಿದ್ದರು.

ಒಂದು ದಿನ ಹತ್ತಿಯಲ್ಲಿದ್ದ ಕಲ್ಲು ಬ್ಲೇಡಿಗೆ ಬಡಿದು ಕಿಡಿ ಹಾರಿತು. ಮಿಸ್ತ್ರಿ ಯಂತ್ರ ನಿಲ್ಲಿಸಿದರು, ಕಿಡಿ ಆರಿಸಿದರು, ಬ್ಲೇಡ್ ಪರೀಕ್ಷಿಸಿ ಮತ್ತೆ ಚಾಲೂ ಮಾಡಿದರು. ಆಮೇಲೆ, ಆ ಹೊತ್ತಿನಲ್ಲಿ ತಯಾರಾದ ಬೇಲನ್ನು ಅಂಗಳಕ್ಕೆ ಉರುಳಿಸಿ ಮೇಲೊಂದು ಹಸಿ ಬೇವಿನ ಟೊಂಗೆ ಇಟ್ಟರು. ಹುಣ್ಣಿಮೆಗೆ ಸವದತ್ತಿ ಗುಡ್ಡದ ದೇವಿಯ ದರ್ಶನಕ್ಕೆ ನಡೆದು ಹೋಗುವ ಮನುಷ್ಯ; ಬೇವು ಆ ದೇವಿಯದು. ನಾನು ಏನೂ ಕೇಳದೆ ಒಮ್ಮೆ ಕೈ ಮುಗಿದೆ. ಮೊದಲ ಕ್ರಮಗಳನ್ನೆಲ್ಲ 'ಸುರಕ್ಷತೆ' ವರ್ಗದಲ್ಲಿ ಬರೆದೆ. ಬೇಲು, ಬೇವು ಎರಡನ್ನೂ 'ಆಚರಣೆ' ವರ್ಗಕ್ಕೆ ಹಾಕಿದೆ, ಆಯುಧಪೂಜೆಯ ಕುಂಬಳಕಾಯಿಯ ಪಕ್ಕಕ್ಕೆ.

ಮಿಸ್ತ್ರಿಯ ಜಾಗಕ್ಕೆ ಸುರೇಬಾನದ ಮಂಜುನಾಥ ಬಂದ. ಅನುಭವಿ, ಎಚ್ಚರದ ಮನುಷ್ಯ. ಒಂದು ದಿನ ಮತ್ತೆ ಕಿಡಿ ಹಾರಿತು. ಮಂಜುನಾಥ ನಮ್ಮ ನಕ್ಷೆಯ ಪರದೆಯಲ್ಲಿ 'ಕಿಡಿ' ಎಂದು ಹುಡುಕಿ, ಅಲ್ಲಿ ಬಂದ ಸುರಕ್ಷತಾ ಕ್ರಮಗಳನ್ನು ಒಂದೂ ಬಿಡದೆ ಮಾಡಿ, ನನಗೆ ಫೋನ್ ಮಾಡಿದ.

"ಅಕ್ಕಾರ, ಕಾಕಾ ಬೇವಿನ ಟೊಂಗಿ ಇಡತಿದ್ರಂತಲ್ಲ, ಇಡಬೇಕೇನ್ರಿ?"

"ಅದು ಅವರ ಭಕ್ತಿರಿ. ನಿಮ್ಮಿಷ್ಟ," ಎಂದೆ.

ಬೇಲು ಗೋದಾಮಿಗೆ ಹೋಯಿತು. ನಾಲ್ಕನೆಯ ದಿನ ಆ ವಾಸನೆ ಬಂತು.

ಹೊಗೆ ಕಾಣುತ್ತಿರಲಿಲ್ಲ. ನೂರಾರು ಬೇಲುಗಳ ನಡುವೆ ಯಾವುದು ಎಂದು ಯಾರಿಗೂ ತಿಳಿಯಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಹತ್ತಿ ಆರಿಸುತ್ತ ಕೂತಿದ್ದರು. ಮಿಸ್ತ್ರಿಯ ಮನೆ ಕಾರ್ಖಾನೆಯ ಹಿಂದೆಯೇ. ಯಾರೋ ಓಡಿ ಹೋಗಿ ಕರೆದು ತಂದರು.

"ಕಿಡಿ ಹಾರಿತ್ತೇನು?" ಎಂದರು ಮಿಸ್ತ್ರಿ.

"ಹಾರಿತ್ತರಿ ಕಾಕಾ. ನಾಕು ದಿನಾ ಆತು."

"ಬೇಲ್ ಎಲ್ಲೈತಿ?"

ಮಂಜುನಾಥ ನನ್ನ ಮುಖ ನೋಡಿದ. "ಒಳಗ ಐತ್ರಿ."

ಮಿಸ್ತ್ರಿ ಒಂದೊಂದೇ ಬೇಲಿಗೆ ಅಂಗೈ ಊರುತ್ತ ನಡೆದರು. "ಇದ!" ಎಂದರು. ಅವರೂ ಮಂಜುನಾಥನೂ ಅದನ್ನು ಬಾಗಿಲ ಕಡೆಗೆ ಉರುಳಿಸುತ್ತಿದ್ದಾಗ ಪಟ್ಟಿ ಕಡಿದು, ಗಾಳಿ ಹೊಕ್ಕು ಬೆಂಕಿ ಭುಗಿಲೆಂದಿತು. ಮಂಜುನಾಥ ಹಿಂದೆ ಬಿದ್ದ. ಹೊಸ್ತಿಲು ದಾಟುವತನಕ ಮಿಸ್ತ್ರಿ ಬೇಲಿನಿಂದ ಕೈ ತೆಗೆಯಲಿಲ್ಲ. ನಾನು ಟ್ಯಾಬ್ಲೆಟ್ಟನ್ನು ಎದೆಗವುಚಿಕೊಂಡು ನಿಂತಿದ್ದೆ. ಹೆಣ್ಣುಮಕ್ಕಳೆಲ್ಲ ಹೊರಗೆ ಬಂದಿದ್ದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಮಿಸ್ತ್ರಿಯ ಎರಡೂ ಅಂಗೈ ಸುಟ್ಟಿದ್ದವು.

ಆಸ್ಪತ್ರೆಯಲ್ಲಿ ಅವರೇ ಬಿಡಿಸಿ ಹೇಳಿದರು: "ಬೆಂಕಿ ಬೇಲಿನ ಹೊಟ್ಯಾಗ ಸುಮ್ಮನ ಕುಂತಿರತೈತಿ ಯವ್ವಾ, ದಿನಗಟ್ಟಲೆ. ಚೀಟಿ ಹಚ್ಚಿದ್ರ ಹಮಾಲರಿಗೆ ಓದಾಕ ಬರೂದಿಲ್ಲ. ಬೇವು ಕಂಡ್ರ ಯಾರೂ ಮುಟ್ಟೂದಿಲ್ಲ. ಎಲಿ ಒಣಗಿ ಪೂರಾ ಉದುರೂತನಕ ಅದು ಅಂಗಳದಾಗ ಇರಬೇಕು."

"ಮೊದಲ ಯಾಕ ಹೇಳಲಿಲ್ಲರಿ ಕಾಕಾ?"

"ನೀ ಎಲ್ಲಿ ಕೇಳಿದಿ? ಕೈ ಮುಗದು ಹೋದಿ."

ಗಾಯ ಮಾಯಿತು, ಅಂಗೈಯ ಸ್ಪರ್ಶ ಮರಳಲಿಲ್ಲ. ನಾನು ಅವರ ಮನೆಗೆ ಹೋದಾಗ ಚಹಾದ ಲೋಟ ಹಿಡಿದು, "ಬಿಸಿ ಐತೋ ತಂಪೈತೋ, ನಾಲಿಗಿನ ಹೇಳಬೇಕೀಗ," ಎಂದು ನಕ್ಕರು. ಬೇಲುಗಳ ಸಾಲಿನಲ್ಲಿ ಬಿಸಿ ಹುಡುಕಿದ್ದು ಅದೇ ಕೈ.

ಬೇವನ್ನು 'ಸುರಕ್ಷತೆ' ವರ್ಗಕ್ಕೆ ಸರಿಸಿ, ಕಿಡಿಯಿಂದ ಬೇಲಿಗೆ, ಬೇಲಿನಿಂದ ಅಂಗಳಕ್ಕೆ ಸಂಬಂಧ ಎಳೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಈಗ ನಮ್ಮ ನಕ್ಷೆಯಲ್ಲಿ 'ಯಾಕೆ' ಎಂಬ ಅಂಕಣ ತುಂಬದೆ ಯಾವುದನ್ನೂ ವರ್ಗಕ್ಕೆ ಸೇರಿಸುವಂತಿಲ್ಲ. ಗೊತ್ತಿರುವವರು ಹೇಳಲಿಲ್ಲ ಎಂದು ನಾವು ದೂರುತ್ತೇವೆ. ಅವರು ನನ್ನ ಕಣ್ಣೆದುರಿಗೇ ಮಾಡಿ ತೋರಿಸಿದ್ದರು. ಹೆಸರು ಕೊಡುವ ಅವಸರದಲ್ಲಿ ನಾನೇ ನೋಡಲಿಲ್ಲ.

ಮುಂದೆ ಎಷ್ಟೋ ವಾರ ಮನೆಯಲ್ಲಿ ಇಸ್ತ್ರಿಯ ವಾಸನೆ ಬಂದರೂ ಎದ್ದು ಹೋಗಿ ನೋಡುತ್ತಿದ್ದೆ; ರಾತ್ರಿ ಮತ್ತೆ ಮತ್ತೆ ಎಚ್ಚರವಾಗುತ್ತಿತ್ತು. ಹಂಗಾಮು ಮುಗಿಯುವ ಮೊದಲು ಒಂದು ಮಧ್ಯಾಹ್ನ ಅಂಗಳದಲ್ಲಿ ಒಂಟಿ ಬೇಲು ಕಂಡಿತು, ಮೇಲೆ ಹಸಿರು ಬೇವು. ಮತ್ತೆ ಕಿಡಿ ಹಾರಿದಾಗ ಮಂಜುನಾಥ ಪರದೆ ತೆರೆಯುವ ಮೊದಲೇ ಅದನ್ನು ಇಟ್ಟಿದ್ದ. ಮಿಸ್ತ್ರಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಅವನ ಅಂಗೈಯನ್ನು ಬೇಲಿಗೆ ಒತ್ತಿ ಹಿಡಿದು ಕೇಳುತ್ತಿದ್ದರು: "ನನಗ ತಿಳಿಯೂದಿಲ್ಲೋ. ನಿನಗೇನ ಅನಸ್ತೈತಿ, ಹೇಳು."

ದಿನವೂ ಎಲೆ ನೋಡಿದೆ. ಕೊನೆಯ ಎಲೆ ಉದುರಿ, ಆ ಬೇಲನ್ನು ಒಳಗೆ ಒಯ್ದ ದಿನ ನಾನು ರಾತ್ರಿಯಿಡೀ ಎಚ್ಚರವಾಗದೆ ಮಲಗಿದೆ. ಮರುದಿನ ಬೆಳಿಗ್ಗೆ ಬಸ್ಸು ತಪ್ಪಿತು.